ಕಚೇರಿಗೆ ಮರಳಲೊಲ್ಲದ ನೌಕರರು: ದಾರಿಯ ಹೊತ್ತು ಯಾರ ಲೆಕ್ಕಕ್ಕೆ?

ಮನೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡಿ ರೂಢಿಯಾದ ನೌಕರರು ಪುನಃ ಪೇಟೆಯ ಕಚೇರಿಗೆ ಬರಲು ಹಿಂಜರಿಯುತ್ತಿದ್ದಾರೆಂಬ ದೂರು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಮಾಲಕರು ಇದನ್ನು ಶಿಸ್ತಿನ ಲೋಪವೆನ್ನುತ್ತಾರೆ. ನೌಕರರು ಇದು ತಮ್ಮ ಬಾಳ್ವೆಯ ಪ್ರಶ್ನೆಯೆನ್ನುತ್ತಾರೆ. ಎರಡು ಕಡೆಯ ಮಾತೂ ಬೇಕಾದಷ್ಟು ಆಗಿದೆ; ಆದರೆ ಈ ಜಗಳದ ಮೂಲದಲ್ಲಿರುವ ವಸ್ತು ಯಾವುದೆಂಬುದನ್ನು ವಿಚಾರಿಸಿದವರು ಕಡಿಮೆ.

ನಮ್ಮ ವಾಚಕರಲ್ಲಿ ಮುಖ್ಯವಾಗಿ ಎರಡು ವರ್ಗದವರಿದ್ದಾರೆ. ಕಚೇರಿ, ಬೇಂಕು, ಕಂಪೆನಿಗಳಲ್ಲಿ ಗುಮಾಸ್ತೆಗಿರಿ ಮಾಡುವವರು ಒಂದು. ಆ ಗುಮಾಸ್ತರಿಗೆ ಮಧ್ಯಾಹ್ನದ ಊಟ, ಸಂಜೆಯ ಚಹಾ ಬಡಿಸುವ ಹೋಟೆಲು ಕೆಲಸಗಾರರು ಇನ್ನೊಂದು. ಈ ಪ್ರಶ್ನೆಯಲ್ಲಿ ಇವರಿಬ್ಬರ ಹಿತ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತದೆ. ಗುಮಾಸ್ತನು ಮನೆಯಲ್ಲುಳಿದರೆ ಅವನಿಗೆ ಸುಖ. ಆದರೆ ಫೋರ್ಟಿನ ಹೋಟೆಲಿನಲ್ಲಿ ಅವನು ಕೂರುತ್ತಿದ್ದ ಕುರ್ಚಿ ಬರಿದು. ನಾವು ಹೋಟೆಲು ನಡೆಸಿದವರು; ಜನ ತುಂಬಿದ ಮೇಜಿನ ಪರವಾಗಿ ನಮಗೆ ಒಲವಿದೆಯೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಹಾಗಿದ್ದೂ ಮಾಲಕರ ಆಜ್ಞೆಗೆ ಚಪ್ಪಾಳೆ ತಟ್ಟಲು ನಮ್ಮ ಮನಸ್ಸೊಪ್ಪುವುದಿಲ್ಲ. ಏಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಬಂದ ಬಗೆ

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಅದಕ್ಕೂ ಎರಡು ಮೂರು ದಿನ ಮೊದಲೇ ಮುಂಬಯಿಯ ಲೋಕಲ್ ರೈಲುಗಳು ನಿಂತಿದ್ದವು. ದಿನಕ್ಕೆ ಮುಕ್ಕಾಲು ಕೋಟಿಗೂ ಹೆಚ್ಚು ಪ್ರಯಾಣಗಳನ್ನು ಹೊತ್ತು ತಿರುಗುತ್ತಿದ್ದ ರೈಲು ನಿಂತಮೇಲೆ ಕಚೇರಿ ನಡೆಯುವ ದಾರಿಯೇ ಉಳಿಯಲಿಲ್ಲ. ಜೂನ್ 15ರಿಂದ ಅವಶ್ಯಕ ಸೇವೆಯವರಿಗೆ ಮಾತ್ರ ರೈಲು ತೆರೆಯಿತು. ಸಾಮಾನ್ಯರಿಗೆ 2021ರ ಫೆಬ್ರವರಿ 1ರಿಂದ ಗೊತ್ತಾದ ಹೊತ್ತಿನಲ್ಲಷ್ಟೇ ಹತ್ತಲು ಅಪ್ಪಣೆ ದೊರೆಯಿತು. ರೋಗ ಮತ್ತೆ ಏರಿದಾಗ ಅದೂ ತಪ್ಪಿತು. ಎರಡು ಚುಚ್ಚುಮದ್ದು ಪಡೆದವರಿಗೆ ಆ ವರ್ಷದ ಆಗಸ್ಟ್ 15ರಿಂದ ಪುನಃ ಅವಕಾಶವಾಯಿತು. ಅಂದರೆ ಹೆಚ್ಚು ಕಡಿಮೆ ಒಂದೂವರೆ ವರ್ಷ ಕಾಲ ಈ ನಗರದ ಸಾಮಾನ್ಯ ನೌಕರನು ರೈಲಿಲ್ಲದೆ ಕೆಲಸ ಸಾಗಿಸಿದನು.

ಇಲ್ಲೊಂದು ಭೇದವನ್ನು ಮರೆಯಲಾಗದು. ಬೇಂಕುಗಳು ಆಗಲೂ ತೆರೆದಿದ್ದವು. ಆಸ್ಪತ್ರೆ, ನಗರಪಾಲಿಕೆ, ವಿದ್ಯುತ್ತು, ನೀರು ಇವುಗಳ ನೌಕರರು ಕಲ್ಯಾಣ, ಪಾಲ್ಘರಗಳಂಥ ದೂರದ ಊರುಗಳಿಂದ ಬಸ್ಸುಗಳಲ್ಲಿ ಗಂಟೆಗಟ್ಟಲೆ ಕುಳಿತು ಕೆಲಸಕ್ಕೆ ಬಂದರು. ಮನೆಯಿಂದ ಕೆಲಸವೆಂಬುದು ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸದವರಿಗೆ ಮಾತ್ರ ಒದಗಿದ ಸೌಕರ್ಯ. ಬೇಂಕಿನ ಕೌಂಟರು ಮನೆಗೆ ಹೋಗಲಾರದು, ಹೋಟೆಲಿನ ಒಲೆಯೂ ಹೋಗಲಾರದು.

ಆ ಸೌಕರ್ಯವನ್ನು ಮೊದಲು ಹೊಗಳಿದವರು ಮಾಲಕರೇ ಎಂಬುದು ಗಮನಾರ್ಹ. ಮುಂಬಯಿಯಲ್ಲಿ ಮುಖ್ಯ ಕಚೇರಿಯುಳ್ಳ ಟಿ.ಸಿ.ಎಸ್. ಕಂಪೆನಿಯು 2020ರಲ್ಲಿಯೇ, 2025ರ ಹೊತ್ತಿಗೆ ತನ್ನ ನೌಕರರಲ್ಲಿ ಯಾವುದೇ ವೇಳೆಯಲ್ಲಿ ನೂರಕ್ಕೆ 25 ಮಂದಿ ಕಚೇರಿಯಲ್ಲಿದ್ದರೆ ಸಾಕಾಗುವಂಥ ವ್ಯವಸ್ಥೆ ಮಾಡುವೆನೆಂದು ಸಾರಿತು. ಆಗ ಅದರ ನೌಕರರ ಸಂಖ್ಯೆ ನಾಲ್ಕೂವರೆ ಲಕ್ಷದಷ್ಟಿತ್ತು. ಇಂಥ ಮಾತನ್ನು ನಂಬಿ ಅನೇಕ ಯುವಕರು ಊರಿಗೆ ಮರಳಿದರು. ಕೆಲವರು ದೂರದ ಉಪನಗರಗಳಲ್ಲಿ ಸಾಲ ಮಾಡಿ ಮನೆ ಕೊಂಡರು. ಕಚೇರಿ ಹತ್ತಿರವಿರಬೇಕಾದ ಅಗತ್ಯವಿಲ್ಲವೆಂದಮೇಲೆ ಅಗ್ಗದ ಮನೆಯನ್ನು ಹುಡುಕುವುದು ಸಹಜವೇ ಸರಿ.

ಗಾಳಿ ತಿರುಗಿದ್ದು 2023ರಲ್ಲಿ. ಅದೇ ಟಿ.ಸಿ.ಎಸ್. ಅಕ್ಟೋಬರ್ 1ರಿಂದ ವಾರದ ಐದು ದಿನವೂ ಕಚೇರಿಗೆ ಬರತಕ್ಕದ್ದೆಂದು ತಿಳಿಸಿತು. ಮರುವರ್ಷ ಹಾಜರಿಗೂ ಬದಲಾಗುವ ವೇತನಾಂಶಕ್ಕೂ ಗಂಟು ಹಾಕಿತು. ಇನ್ಫೋಸಿಸ್ ಸಂಸ್ಥೆಯು ಅಷ್ಟು ಬಿಗಿ ಮಾಡದೆ, 2025ರ ಮಾರ್ಚಿನಿಂದ ಕೆಳಗಿನ ದರ್ಜೆಗಳವರು ತಿಂಗಳಿಗೆ 10 ದಿನವಾದರೂ ಬರಬೇಕೆಂದು ಗೊತ್ತುಮಾಡಿತು. ಅಮೆರಿಕದಲ್ಲಿ ಅಮೆಜಾನ್ ಕಂಪೆನಿ 2025ರ ಜನವರಿ 2ರಿಂದ ಐದು ದಿನದ ಹಾಜರಿಯನ್ನು ವಿಧಿಸಿತು. ಅದೇ ತಿಂಗಳ 20ರಂದು ಅಧಿಕಾರ ವಹಿಸಿಕೊಂಡ ಅಧ್ಯಕ್ಷ ಟ್ರಂಪರು ಅಲ್ಲಿಯ ಕೇಂದ್ರ ಸರಕಾರದ ನೌಕರರೂ ಕಚೇರಿಗೆ ಮರಳಬೇಕೆಂಬ ಆದೇಶಕ್ಕೆ ಅಂದೇ ಸಹಿ ಹಾಕಿದರು. ಹೀಗೆ, ಐದು ವರ್ಷದೊಳಗೆ ಹೊಗಳಿಕೆಯ ಮಾತು ಅಪರಾಧದ ಮಾತಾಯಿತು. ನೌಕರನ ಕೆಲಸದಲ್ಲಿ ಇಷ್ಟರಲ್ಲಿ ಏನು ಬದಲಾಯಿತೆಂದು ಕೇಳಿದರೆ ಸಮರ್ಪಕವಾದ ಉತ್ತರ ಸಿಗುವುದಿಲ್ಲ.

ದಾರಿಯ ಲೆಕ್ಕ

ನೌಕರನ ಹಿಂಜರಿಕೆಗೆ ಆಲಸ್ಯವೇ ಕಾರಣವೆಂದು ತಿಳಿದವರು ಒಮ್ಮೆ ಗಲ್ಲೆಯ ಮೇಲೆ ಕುಳಿತು ಲೆಕ್ಕ ಹಾಕಿ ನೋಡಬೇಕು. ಡೊಂಬಿವಿಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು 48 ಕಿಲೋಮೀಟರು. ಮನೆಯಿಂದ ಸ್ಟೇಶನ್ನು, ಹತ್ತಲು ಸಾಧ್ಯವಾಗುವ ಗಾಡಿಗಾಗಿ ಕಾಯುವುದು, ಗಾಡಿಯ ಪ್ರಯಾಣ, ಇಳಿದಮೇಲೆ ಕಚೇರಿಯವರೆಗೆ ನಡಿಗೆ ಇವೆಲ್ಲ ಸೇರಿ ಒಂದು ಕಡೆಗೆ ಒಂದೂವರೆ ಗಂಟೆಯೆಂದರೆ ಹೆಚ್ಚೇನೂ ಅಲ್ಲ. ದಿನಕ್ಕೆ ಮೂರು ಗಂಟೆ. ತಿಂಗಳಲ್ಲಿ 22 ದಿನ ಕೆಲಸವೆಂದರೆ 66 ಗಂಟೆ. ಎಂಟು ಗಂಟೆಯನ್ನು ಒಂದು ದಿನದ ದುಡಿಮೆಯೆಂದು ಎಣಿಸಿದರೆ ತಿಂಗಳಿಗೆ ಎಂಟು ದಿನಗಳಿಗೂ ಮಿಕ್ಕ ದುಡಿಮೆ. ಈ ಎಂಟು ದಿನದ ಕೂಲಿ ಯಾವ ಸಂಬಳದ ಚೀಟಿಯಲ್ಲೂ ಕಾಣುವುದಿಲ್ಲ.

ಆ ಹೊತ್ತು ಸುಖದ ಹೊತ್ತೂ ಅಲ್ಲ. ಬೆಳಗಿನ ಗಾಡಿಯ ಬಾಗಿಲಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ನಿಂತವನ ಕಷ್ಟವನ್ನು ನಮ್ಮ ವಾಚಕರಿಗೆ ವರ್ಣಿಸಬೇಕಾಗಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ತುಂಬಿದ ಗಾಡಿಗಳ ಬಾಗಿಲುಗಳಲ್ಲಿ ಜೋತು ನಿಂತಿದ್ದವರು ಕೆಳಗುರುಳಿ ಪ್ರಾಣಹಾನಿಯಾದುದು ಎಲ್ಲರ ನೆನಪಿನಲ್ಲಿದೆ. ಈ ಉಪನಗರ ರೈಲುಗಳ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕು ಜನ ಸಾಯುತ್ತಿರುವುದು ಸರಕಾರದ ಲೆಕ್ಕಗಳಿಂದಲೇ ತಿಳಿದುಬರುವ ಸಂಗತಿ. ಅಂಥ ದಾರಿಯಿಂದ ಒಂದೂವರೆ ವರ್ಷ ಬಿಡುಗಡೆ ಪಡೆದವನು ಪುನಃ ಅದೇ ಬಾಗಿಲಿಗೆ ಜೋತುಬೀಳಲು ಅಂಜಿದರೆ ಅವನನ್ನು ಸೋಮಾರಿಯೆನ್ನುವುದು ಹೇಗೆ?

ಬೆಂಗಳೂರಿನ ಕಥೆ ರೈಲಿಲ್ಲದ ಇದೇ ಕಥೆ. ಅಲ್ಲಿ 10 ಕಿಲೋಮೀಟರ್ ದಾರಿ ಸಾಗಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಬಕ್ ಎಂಬ ಕಂಪೆನಿಯ ಮುಖ್ಯಸ್ಥರು, ನೌಕರರಿಗೆ ಒಂದು ಕಡೆಗೆ ಒಂದೂವರೆ ಗಂಟೆಗಿಂತ ಹೆಚ್ಚು ತಗಲುತ್ತಿದೆ, ರಸ್ತೆ ತುಂಬ ಹೊಂಡ ಮತ್ತು ಧೂಳು, ಆದುದರಿಂದ ಹೊರವರ್ತುಲ ರಸ್ತೆಯ ಕಚೇರಿಯನ್ನು ಬಿಡುತ್ತೇವೆಂದು ಬಹಿರಂಗವಾಗಿ ಹೇಳಿದರು. ಕಂಪೆನಿ ಈ ಮಾತನ್ನಾಡಿದಾಗ ಮಂತ್ರಿಗಳು ಉತ್ತರ ಕೊಡಲು ಮುಂದಾದರು. ಇದೇ ಮಾತನ್ನು ಆ ಕಚೇರಿಯ ಗುಮಾಸ್ತನು ಆಡಿದ್ದರೆ ಯಾರು ಕಿವಿಗೊಡುತ್ತಿದ್ದರು?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ನೌಕರನು ಕಚೇರಿಯನ್ನು ಒಲ್ಲೆನೆನ್ನುತ್ತಿಲ್ಲ, ದಾರಿಯನ್ನು ಒಲ್ಲೆನೆನ್ನುತ್ತಿದ್ದಾನೆ. ಹಿಂದೆ ಆ ಹೊತ್ತಿಗೆ ಬೆಲೆ ಕಟ್ಟುವ ಉಪಾಯವಿರಲಿಲ್ಲ. ದಾರಿಯಿಲ್ಲದೆಯೂ ಕೆಲಸ ಸಾಗುತ್ತದೆಂದು ಅನುಭವದಿಂದ ಗೊತ್ತಾದಮೇಲೆ ಅದರ ಬೆಲೆ ಎಲ್ಲರಿಗೂ ತಿಳಿದುಹೋಗಿದೆ.

ಮಾಲಕರ ವಾದದಲ್ಲಿ ಹುರುಳು

ಇಷ್ಟು ಹೇಳಿದ ಮಾತ್ರಕ್ಕೆ ಮಾಲಕರ ಮಾತೆಲ್ಲ ಹುಸಿಯೆಂದು ಸಾಧಿಸುವ ಉದ್ದೇಶ ನಮಗಿಲ್ಲ. ಕೋಣೆಯ ಕೂಸು ಕೊಳೆಯಿತು, ಬೀದಿಯ ಕೂಸು ಬೆಳೆಯಿತು ಎಂಬ ಗಾದೆ ನಮ್ಮ ಹಿರಿಯರದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನು ಹಿರಿಯರ ಮೇಜಿನ ಬಳಿ ನಿಂತು ಕಲಿಯುವುದನ್ನು ಮನೆಯ ಮೂಲೆಯಲ್ಲಿ ಕುಳಿತು ಕಲಿಯಲಾರನು. ಭಟ್ಟರ ಪಕ್ಕದಲ್ಲಿ ನಿಂತಲ್ಲದೆ ಸಾಂಬಾರಿನ ಹದ ಯಾರಿಗೂ ತಿಳಿಯದು. ಕಚೇರಿಯ ಹದವೂ ಹಾಗೆಯೇ. ಮನೆಯಲ್ಲಿ ಕುಳಿತು ಎರಡು ಕಡೆ ದುಡಿದವರೂ ಇದ್ದರು. ಪ್ರತಿಸ್ಪರ್ಧಿಗಳಿಗಾಗಿ ಗುಟ್ಟಾಗಿ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದೇವೆಂದು ವಿಪ್ರೋ ಸಂಸ್ಥೆಯ ಅಧ್ಯಕ್ಷರು 2022ರ ಸೆಪ್ಟೆಂಬರಿನಲ್ಲಿ ಹೇಳಿದರು.

ಈ ವಿಷಯದಲ್ಲಿ ಊಹೆಗಿಂತ ಪರೀಕ್ಷೆಯೇ ಮೇಲು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ಚೀನದ ಶಾಂಘೈಯಲ್ಲಿ ಪ್ರಯಾಣದ ಟಿಕೆಟು ಮಾರುವ ಒಂದು ದೊಡ್ಡ ಕಂಪೆನಿಯ ನೌಕರರ ಮೇಲೆ ಇಂಥ ಪರೀಕ್ಷೆಯನ್ನು ಎರಡು ಸಲ ನಡೆಸಿದ್ದಾರೆ. 2015ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ದೂರವಾಣಿಯಲ್ಲಿ ಗಿರಾಕಿಗಳಿಗೆ ಉತ್ತರ ಕೊಡುವ ನೌಕರರು ಮನೆಯಿಂದ ದುಡಿದಾಗ ಅವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಿತು. ಆದರೆ ಅವರ ಕೆಲಸಕ್ಕೆ ತಕ್ಕಷ್ಟು ಬಡ್ತಿ ಅವರಿಗೆ ದೊರೆಯಲಿಲ್ಲ. ಕಣ್ಣಮುಂದೆ ಇಲ್ಲದವರನ್ನು ಮೇಲಧಿಕಾರಿ ಮರೆತನು. ಪರೀಕ್ಷೆ ಮುಗಿದು ಆಯ್ಕೆಯನ್ನು ಅವರಿಗೇ ಬಿಟ್ಟಾಗ ಮನೆಯಿಂದ ದುಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂಟಿತನ ಸಾಕೆಂದು ಕಚೇರಿಗೇ ಮರಳಿದರು.

2024ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯಲ್ಲಿ 1,612 ನೌಕರರಿದ್ದರು. ಅವರಲ್ಲಿ ಒಂದು ತಂಡಕ್ಕೆ ವಾರದಲ್ಲಿ ಎರಡು ದಿನ ಮನೆಯಿಂದ, ಮೂರು ದಿನ ಕಚೇರಿಯಿಂದ ಕೆಲಸ. ಇನ್ನೊಂದು ತಂಡಕ್ಕೆ ಐದೂ ದಿನ ಕಚೇರಿ. ಎರಡು ವರ್ಷ ನೋಡಿದರೂ ಕೆಲಸದ ಗುಣದಲ್ಲಾಗಲಿ ಬಡ್ತಿಯಲ್ಲಾಗಲಿ ಎರಡು ತಂಡಗಳಿಗೆ ಭೇದ ಕಾಣಲಿಲ್ಲ. ಆದರೆ ಎರಡು ದಿನದ ಸೌಕರ್ಯ ಪಡೆದವರಲ್ಲಿ ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಹೀಗೆ ಉಳಿದವರಲ್ಲಿ ಹೆಂಗಸರು, ಅಧಿಕಾರವಿಲ್ಲದ ಸಾಮಾನ್ಯ ನೌಕರರು ಮತ್ತು ದೂರದಿಂದ ಬರುವವರೇ ಹೆಚ್ಚು. ದಾರಿಯ ಹೊತ್ತೇ ಈ ಪ್ರಶ್ನೆಯ ತಿರುಳೆಂಬ ನಮ್ಮ ಮಾತಿಗೆ ಇದರಿಂದ ಬಲ ಬರುತ್ತದೆ. ಐದು ದಿನವೂ ಮನೆಯಲ್ಲೇ ಇರುವುದು ನೌಕರನಿಗೂ ಒಳಿತಲ್ಲ; ಐದು ದಿನವೂ ಬರಲೇಬೇಕೆಂಬ ಹಟ ಮಾಲಕನಿಗೂ ಲಾಭವಲ್ಲ.

ನಡುವೆ ತೂತಾದ ವಡೆ

ಇನ್ನು ನಮ್ಮ ಇನ್ನೊಂದು ವರ್ಗದ ವಾಚಕರ ಕಷ್ಟಕ್ಕೆ ಬರೋಣ. ಅಮೆರಿಕದ ದೊಡ್ಡ ನಗರಗಳಲ್ಲಿ ಮಧ್ಯದ ಪೇಟೆ ಬರಿದಾಗಿ ಸುತ್ತಲ ಬಡಾವಣೆಗಳು ತುಂಬಿಕೊಂಡುದನ್ನು ಅದೇ ಬ್ಲೂಮ್ ಮತ್ತು ಅರ್ಜುನ್ ರಮಾನಿ 2021ರಲ್ಲಿ ಅಂಕಿಸಂಖ್ಯೆಗಳಿಂದ ತೋರಿಸಿ, ನಡುವೆ ತೂತಿರುವ ಅಲ್ಲಿನ ಒಂದು ಸಿಹಿತಿಂಡಿಯ ಹೆಸರಿಟ್ಟರು. ನಮ್ಮವರಿಗೆ ಉದ್ದಿನ ವಡೆಯೆಂದರೆ ತಟ್ಟನೆ ತಿಳಿದೀತು. ಅಂಚಿನಲ್ಲಿ ಹಿಟ್ಟು, ನಡುವೆ ತೂತು. ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ 2023ರ ಹೊತ್ತಿಗೆ ಕಚೇರಿ ಜಾಗದ ನೂರಕ್ಕೆ 30ಕ್ಕೂ ಹೆಚ್ಚು ಭಾಗ ಬಾಡಿಗೆದಾರರಿಲ್ಲದೆ ಖಾಲಿ ಬಿದ್ದಿತ್ತು. ಆ ಕಟ್ಟಡಗಳ ಬುಡದಲ್ಲಿ ಕಾಫಿ, ರೊಟ್ಟಿ ಮಾರಿ ಬದುಕುತ್ತಿದ್ದವರ ಗತಿಯನ್ನು ಊಹಿಸುವುದು ಹೋಟೆಲಿನವರಿಗೆ ಕಷ್ಟವಲ್ಲ.

ಮುಂಬಯಿ ಅಷ್ಟರ ಮಟ್ಟಿಗೆ ಬರಿದಾಗಿಲ್ಲ. ಇಲ್ಲಿ ಬೇಂಕು, ನ್ಯಾಯಾಲಯ, ಸರಕಾರಿ ಕಚೇರಿಗಳ ಜನ ಎಂದೋ ಮರಳಿದ್ದಾರೆ. ಆದರೂ ಪೆಟ್ಟು ಬಿದ್ದಿದೆ. 2020ಕ್ಕೆ ಮೊದಲು ಸುಮಾರು 5,000 ಡಬ್ಬಾವಾಲರು ದಿನಕ್ಕೆ ಎರಡು ಲಕ್ಷದಷ್ಟು ಬುತ್ತಿಗಳನ್ನು ಕಚೇರಿಗಳಿಗೆ ಮುಟ್ಟಿಸುತ್ತಿದ್ದರು. ರೈಲು ನಿಂತಾಗ ಅವರ ಕಸುಬೂ ನಿಂತಿತು. ಊರಿಗೆ ಹೋದವರಲ್ಲಿ ಅನೇಕರು ತಿರುಗಿ ಬರಲಿಲ್ಲ.

ಹೋಟೆಲಿನ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಒಂದು ಹೋಟೆಲಿನಲ್ಲಿ ಮಧ್ಯಾಹ್ನ 200 ರೈಸ್ ಪ್ಲೇಟು ಹೋಗುತ್ತಿತ್ತೆಂದಿಟ್ಟುಕೊಳ್ಳೋಣ. ವಾರದ ಐದು ದಿನಕ್ಕೆ 1,000. ಗಿರಾಕಿಗಳು ವಾರಕ್ಕೆ ಮೂರೇ ದಿನ ಬರುವುದಾದರೆ 600. ಇದನ್ನು ದಿನಕ್ಕೆ 120ರಂತೆ ಹಂಚಿದ್ದರೆ ಹೇಗಾದರೂ ಸುಧಾರಿಸಬಹುದಿತ್ತು. ಆದರೆ ಎಲ್ಲರೂ ಮಂಗಳವಾರ, ಬುಧವಾರ, ಗುರುವಾರವೇ ಬರುತ್ತಾರೆ; ಸೋಮವಾರ ಶುಕ್ರವಾರ ಮೇಜು ಖಾಲಿ. ಮೂರು ದಿನಕ್ಕೆ ಪೂರ್ಣ ಅಡುಗೆಮನೆ ಬೇಕು, ಎರಡು ದಿನ ಅದೇ ಅಡುಗೆಮನೆ ಸುಮ್ಮನೆ ಉರಿಯುತ್ತದೆ. ಬಾಡಿಗೆ ಮಾತ್ರ ತಿಂಗಳ ಎಲ್ಲ ದಿನಕ್ಕೂ. ಇಡ್ಲಿಯ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಡಬೇಕು. ಯಾರು ಬರುತ್ತಾರೆ ಯಾರು ಬರುವುದಿಲ್ಲವೆಂದು ಹಿಟ್ಟು ಕಾಯುತ್ತ ಕುಳಿತಿರುವುದಿಲ್ಲ.

ಈ ನಷ್ಟ ಕಟ್ಟಕಡೆಗೆ ಯಾರ ತಲೆಯ ಮೇಲೆ ಬೀಳುತ್ತದೆ? ಮಾಲಕನು ತಿಂಗಳ ಸಂಬಳದ ಮಾಣಿಯನ್ನು ಕಡಿಮೆ ಮಾಡಿ ಮೂರು ದಿನದ ಕೂಲಿಯವನನ್ನು ಹುಡುಕುತ್ತಾನೆ. ಆರು ದಿನ ಊಟ, ಮಲಗಲು ಜಾಗ, ತಿಂಗಳ ಕೊನೆಗೆ ಮನೆಗೆ ಕಳಿಸಲು ನಾಲ್ಕು ಕಾಸು ಎಂಬ ಹಳೆಯ ವ್ಯವಸ್ಥೆ ಹೀಗೆ ಮುರಿಯುತ್ತದೆ. ಕಂಪ್ಯೂಟರಿನ ನೌಕರನಿಗೆ ಮನೆಯಲ್ಲಿರುವ ಸೌಕರ್ಯ, ಹೋಟೆಲಿನ ಕೆಲಸಗಾರನಿಗೆ ಎರಡು ದಿನದ ಉಪವಾಸ. ಈ ಸತ್ಯವನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಗಿರಾಕಿ ಸ್ಥಳ ಬಿಡುವುದು ಹೊಸತಲ್ಲ

ಹಾಗಾದರೆ ಎಲ್ಲರನ್ನೂ ಬಲವಂತದಿಂದ ಕರೆಸಿಬಿಟ್ಟರೆ ನಮ್ಮವರ ಹೊಟ್ಟೆ ತುಂಬೀತೆ? ಈ ನಗರದ ಚರಿತ್ರೆ ಬೇರೆ ಪಾಠ ಹೇಳುತ್ತದೆ. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದಮೇಲೆ ಪರಳ, ಲಾಲ್‌ಬಾಗಗಳಲ್ಲಿ ಪಾಳಿಯ ಜನರನ್ನೇ ನಂಬಿದ್ದ ಖಾನಾವಳಿಗಳೂ ಚಹಾದ ಅಂಗಡಿಗಳೂ ಬಡವಾದವು. ಒಪೆರಾ ಹೌಸ್ ಸುತ್ತಲಿನ ವಜ್ರದ ವ್ಯಾಪಾರಿಗಳು 2010ರಲ್ಲಿ ತೆರೆದ ವಜ್ರ ವಿನಿಮಯ ಕೇಂದ್ರಕ್ಕಾಗಿ ಬಾಂದ್ರಾ ಕುರ್ಲಾ ಸಂಕೀರ್ಣಕ್ಕೆ ಹೊರಟುಹೋದರು. ಸಮುದ್ರ ತುಂಬಿಸಿ ಕಟ್ಟಿದ ನರಿಮನ್ ಪಾಯಿಂಟಿನ ದೊಡ್ಡ ಕಂಪೆನಿಗಳು ಕೋವಿಡ್ ಬರುವುದಕ್ಕೂ ಬಹಳ ವರ್ಷ ಮೊದಲೇ ಬಾಂದ್ರಾ, ಲೋವರ್ ಪರಳಗಳ ಕಡೆ ಸರಿದಿದ್ದವು.

ಆಗೆಲ್ಲ ಹಳೆಯ ಪೇಟೆಯ ಹೋಟೆಲುಗಳು ನಷ್ಟಪಟ್ಟವು. ಆದರೆ ಕಂಪೆನಿಗಳಿಗೆ ಫೋರ್ಟಿಗೆ ಮರಳಲು ಹಿಂಜರಿಕೆಯೆಂದು ಯಾರೂ ದೂರಲಿಲ್ಲ. ಅದಕ್ಕೆ ವ್ಯಾಪಾರದ ಬೆಳವಣಿಗೆಯೆಂಬ ಗೌರವದ ಹೆಸರು ಸಿಕ್ಕಿತು. ಮಾಲಕನು ತನ್ನ ಅನುಕೂಲಕ್ಕಾಗಿ ಸ್ಥಳ ಬಿಟ್ಟರೆ ಬೆಳವಣಿಗೆ, ನೌಕರನು ತನ್ನ ಅನುಕೂಲಕ್ಕಾಗಿ ಬಿಟ್ಟರೆ ಅಶಿಸ್ತು ಎಂಬ ನ್ಯಾಯ ನಮಗೆ ರುಚಿಸುವುದಿಲ್ಲ. ಹೋಟೆಲಿನ ಹಿತದ ಹೆಸರು ಹೇಳಿ ಗುಮಾಸ್ತನನ್ನು ಮೂರು ಗಂಟೆ ರೈಲಿನಲ್ಲಿ ನಿಲ್ಲಿಸುವುದೂ ನಮಗೆ ಬೇಡ. ಅವನು ಡೊಂಬಿವಿಲಿಯಲ್ಲುಳಿದರೆ ಅಲ್ಲಿಯೂ ಉಣ್ಣುತ್ತಾನೆ, ಚಹಾ ಕುಡಿಯುತ್ತಾನೆ. ಗಿರಾಕಿ ಸತ್ತಿಲ್ಲ, ಜಾಗ ಬದಲಿಸಿದ್ದಾನೆ. ಮಾಟುಂಗಾದಲ್ಲಿ ಒಂದು ಕಾಲಕ್ಕೆ ನಮ್ಮವರ ಹೋಟೆಲುಗಳು ಹುಟ್ಟಿದ್ದು ನೌಕರಿಗೆ ಬಂದ ದಕ್ಷಿಣದವರು ಅಲ್ಲಿ ಮನೆಮಾಡಿದ್ದರಿಂದಲೇ ಅಲ್ಲವೆ?

ಹೋಟೆಲಿನವನು ಬಲ್ಲ ಇನ್ನೊಂದು ಸತ್ಯ

ಮನೆಯಿಂದ ಕೆಲಸ ಮಾಡುವ ಸೌಕರ್ಯಕ್ಕಾಗಿ ಹೋರಾಡುವ ಗುಮಾಸ್ತ ಬಂಧುಗಳಿಗೂ ಒಂದು ಮಾತು ಹೇಳಬೇಕಾಗಿದೆ. ಕೆಲಸದ ಜಾಗವೂ ವಾಸದ ಜಾಗವೂ ಒಂದೇ ಆದರೆ ಏನಾಗುತ್ತದೆಂಬುದನ್ನು ಈ ದೇಶದಲ್ಲಿ ಹೋಟೆಲಿನ ಹುಡುಗನಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಬೆಂಚುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗಿದವನಿಗೆ ದಾರಿಯ ಖರ್ಚಿರಲಿಲ್ಲ, ನಿಜ. ಆದರೆ ಹಾಲಿನವನು ನಸುಕಿನಲ್ಲಿ ಬಾಗಿಲು ಬಡಿದರೆ ಏಳಬೇಕಾದವನೂ ಅವನೇ, ನಡುರಾತ್ರಿ ಮಾಲಕರಿಗೆ ನೆಂಟರು ಬಂದರೆ ಒಲೆ ಹಚ್ಚಬೇಕಾದವನೂ ಅವನೇ. ಅವನ ದುಡಿಮೆಗೆ ಆರಂಭವೂ ಇರಲಿಲ್ಲ, ಮುಗಿತಾಯವೂ ಇರಲಿಲ್ಲ. ಫೋರ್ಟಿನ ಕನ್ನಡ ರಾತ್ರಿಶಾಲೆಗಳು ಅನೇಕ ಹುಡುಗರ ಬಾಳನ್ನು ಬದಲಿಸಿದ್ದು ಏಕೆಂದರೆ ಸಂಜೆಯ ಎರಡು ಗಂಟೆಯನ್ನಾದರೂ ಅವು ಅವರ ಸ್ವಂತದ್ದನ್ನಾಗಿ ಮಾಡಿಕೊಟ್ಟವು. ಆ ಎರಡು ಗಂಟೆಯಲ್ಲಿ ಓದಿದವರೇ ಮುಂದೆ ಬೇಂಕಿನ ಗುಮಾಸ್ತರಾದರು.

ಈಗ ಮನೆಯೇ ಕಚೇರಿಯಾದವರ ಪಾಡೂ ಇದೇ ದಾರಿ ಹಿಡಿದಿದೆ. ರಾತ್ರಿ ಹತ್ತಕ್ಕೆ ಫೋನು, ಭಾನುವಾರ ಸಂದೇಶ, ಊಟದ ತಾಟಿನ ಪಕ್ಕದಲ್ಲಿ ಕಂಪ್ಯೂಟರು. ರೈಲಿನಿಂದ ಉಳಿಸಿದ ಮೂರು ಗಂಟೆಯನ್ನು ಕಂಪೆನಿಯೇ ನುಂಗಿಬಿಟ್ಟರೆ ನೌಕರನು ಗೆದ್ದುದೇನು? ದಾರಿಯ ಹೊತ್ತು ನೌಕರನಿಗೆ ಸೇರಬೇಕಾದದ್ದು. ಅದನ್ನು ರೈಲೂ ಕಸಿಯಬಾರದು, ಫೋನೂ ಕಸಿಯಬಾರದು.

ಕಾನೂನು ಎಲ್ಲಿದೆ?

ನಮ್ಮ ದೇಶದಲ್ಲಿ ಮನೆಯಿಂದ ದುಡಿಯುವ ಹಕ್ಕೆಂಬುದು ಸಾಮಾನ್ಯ ನೌಕರನಿಗೆ ಇಲ್ಲ. ಹೆರಿಗೆಯ ರಜೆ ಮುಗಿಸಿದ ತಾಯಿಗೆ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಪರಸ್ಪರ ಸಮ್ಮತಿಯಿಂದ ಮನೆಯಿಂದ ದುಡಿಯಲು ಅವಕಾಶವೀಯುವ ಮಾತನ್ನು 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಲಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತಿದೆ. ಅದೂ ಮಾಲಕನು ಒಪ್ಪಿದರೆ ಮಾತ್ರ.

ಆದರೆ ದಾರಿಯ ವಿಷಯದಲ್ಲಿ ನ್ಯಾಯಾಲಯ ಒಂದು ಹೆಜ್ಜೆ ಮುಂದಿಟ್ಟಿದೆ. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರನು 2003ರಲ್ಲಿ ನಸುಕಿನ ಪಾಳಿಗೆ ಮೋಟಾರ್ ಸೈಕಲಿನಲ್ಲಿ ಹೋಗುತ್ತಿದ್ದಾಗ ಅಪಘಾತದಲ್ಲಿ ಮಡಿದನು. ಕೆಲಸದ ಜಾಗದಲ್ಲಿ ಸತ್ತಿಲ್ಲವೆಂಬ ಕಾರಣದಿಂದ ಅವನ ಸಂಸಾರದ ಪರಿಹಾರ ತಪ್ಪಿಹೋಗಿತ್ತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ಪರಿಹಾರವನ್ನು ಪುನಃ ಕೊಡಿಸಿತು. ಹೊತ್ತು, ಸ್ಥಳ, ಸಂದರ್ಭಗಳಿಂದ ಪ್ರಯಾಣಕ್ಕೂ ಕೆಲಸಕ್ಕೂ ಸಂಬಂಧ ಸ್ಥಾಪಿತವಾದರೆ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂಬುದು ಅದರ ತಾತ್ಪರ್ಯ. ದಾರಿಯಲ್ಲಿ ಸತ್ತರೆ ಅದು ದುಡಿಮೆಯ ಭಾಗವೆಂದಾದಮೇಲೆ, ದಾರಿಯಲ್ಲಿ ಬದುಕಿ ಬಂದವನ ಹೊತ್ತಿಗೂ ಏನಾದರೂ ಲೆಕ್ಕ ಇರಬೇಡವೆ?

ಸರಕಾರಗಳಿಗೂ ಅಗತ್ಯ ಬಿದ್ದಾಗ ಮನೆಯ ಕೆಲಸ ಒಳ್ಳೆಯದಾಗಿ ಕಾಣುತ್ತದೆ. 2024ರ ನವೆಂಬರಿನಲ್ಲಿ ದಿಲ್ಲಿಯ ಗಾಳಿ ವಿಷವಾದಾಗ ಅಲ್ಲಿನ ಸರಕಾರ ತನ್ನ ಅರ್ಧದಷ್ಟು ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿತು. ಗಾಳಿ ಕೆಟ್ಟಾಗ ಸಾಧ್ಯವಾಗುವುದು ಗಾಳಿ ತಿಳಿಯಾದಾಗ ಅಸಾಧ್ಯವೆನ್ನಲು ಕಾರಣವೇನಿದೆ?

ಮಾಡಬೇಕಾದದ್ದು

ಮೊದಲನೆಯದಾಗಿ, ಕಚೇರಿಯ ದಿನಗಳನ್ನು ಮಾಲಕರು ಮುಂಗಡವಾಗಿ ಗೊತ್ತುಮಾಡಿ, ಒಂದೊಂದು ವಿಭಾಗಕ್ಕೆ ಬೇರೆ ಬೇರೆ ದಿನ ಹಂಚಬೇಕು. ಎಲ್ಲರೂ ಬುಧವಾರವೇ ಬರುವ ಬದಲು ಜನ ವಾರವಿಡೀ ಸಮನಾಗಿ ಹರಿದರೆ ರೈಲಿಗೂ ಹಗುರ, ಹೋಟೆಲಿಗೂ ನೆಮ್ಮದಿ. ಮೇಲಿನ 120ರ ಲೆಕ್ಕ ಆಗ ನಿಜವಾದೀತು. ಮಾಣಿಯ ತಿಂಗಳ ಸಂಬಳ ಉಳಿದೀತು.

ಎರಡನೆಯದಾಗಿ, ಕಚೇರಿಯ ಹೊತ್ತನ್ನು ಹಿಂದುಮುಂದು ಮಾಡಬೇಕು. ಮಧ್ಯ ರೈಲ್ವೆಯು 2023ರ ನವೆಂಬರಿನಲ್ಲಿ ತನ್ನ ಮುಂಬಯಿ ಕಚೇರಿಯ ನೌಕರರಿಗೆ ಬೆಳಿಗ್ಗೆ ಬೇಗ ಬರುವ ಪಾಳಿ, ತಡವಾಗಿ ಬರುವ ಪಾಳಿ ಎಂದು ಎರಡು ಮಾಡಿ, ಇತರ ಕಚೇರಿಗಳೂ ಹೀಗೆ ಮಾಡಬೇಕೆಂದು ಕೇಳಿಕೊಂಡಿತು. ಕೇಳಿಕೊಂಡರೆ ಸಾಲದು; ದೊಡ್ಡ ಕಚೇರಿಗಳಿಗೆ ಸರಕಾರ ಇದನ್ನು ವಿಧಿಸಬೇಕು.

ಮೂರನೆಯದಾಗಿ, ಕೆಲಸವನ್ನೇ ಮನೆಯ ಸಮೀಪಕ್ಕೆ ಒಯ್ಯಬೇಕು. ಇದು ಕೋವಿಡ್ ಹುಟ್ಟಿಸಿದ ವಿಚಾರವಲ್ಲ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ಖಾರಿಯ ಆಚೆ ಜೋಡಿ ನಗರವೊಂದನ್ನು ಕಟ್ಟಬೇಕೆಂದು 1965ರ ಸುಮಾರಿಗೇ ಸೂಚಿಸಿದ್ದರು. ಅದಕ್ಕಾಗಿ 1970ರಲ್ಲಿ ಸಿಡ್ಕೊ ಹುಟ್ಟಿತು. ಸಗಟು ಮಾರುಕಟ್ಟೆಗಳು ವಾಶಿಗೆ ಹೋದವು. ಸರಕಾರದ ಮುಖ್ಯ ಕಚೇರಿ ಮಾತ್ರ ನರಿಮನ್ ಪಾಯಿಂಟಿನ ಬಳಿಯ ಮಂತ್ರಾಲಯದಿಂದ ಕದಲಲಿಲ್ಲ. ಮನೆಗಳು ಆಚೆ ಬೆಳೆದವು, ಕೆಲಸ ಈಚೆಯೇ ಉಳಿಯಿತು. ಠಾಣೆ, ಕಲ್ಯಾಣ, ವಸಾಯಿಗಳಲ್ಲಿ ಕಂಪೆನಿಗಳು ಸಣ್ಣ ಶಾಖೆಗಳನ್ನು ತೆರೆದರೆ ಹೊಸಬರಿಗೆ ಹಿರಿಯರ ಸಹವಾಸವೂ ಸಿಕ್ಕೀತು, ರೈಲಿನ ಬಾಗಿಲೂ ತಪ್ಪೀತು, ಆ ಶಾಖೆಯ ಎದುರಿಗೆ ನಮ್ಮವರ ಹೋಟೆಲೂ ಎದ್ದೀತು.

ನಾಲ್ಕನೆಯದು ನಮ್ಮ ಹೋಟೆಲು ಮಾಲಕ ಮಿತ್ರರಿಗೆ. ಫೋರ್ಟಿನಲ್ಲಿ ಕೆಲಸ ಕಡಿಮೆಯಾದ ಹುಡುಗನನ್ನು ಮೂರು ದಿನದ ಕೂಲಿಗೆ ಇಳಿಸುವ ಮೊದಲು, ಉಪನಗರದಲ್ಲಿ ಹೋಟೆಲು ನಡೆಸುವ ತಮ್ಮ ಬಂಧುಮಿತ್ರರೊಡನೆ ಮಾತಾಡಿ ಉಳಿದ ದಿನಗಳಿಗೆ ಅವನನ್ನು ಅಲ್ಲಿ ಹಚ್ಚಲಿ. ಹೋಟೆಲುಗಳು ಬೇರೆಯಾದರೂ ನಮ್ಮವರ ನೆಂಟಸ್ತಿಕೆ ಒಂದೇ. ಶನಿವಾರ ಭಾನುವಾರ ಮುಚ್ಚಿದಂತಿರುವ ಫೋರ್ಟಿಗೂ ಅದೇ ಎರಡು ದಿನ ಗಿಜಿಗುಟ್ಟುವ ಉಪನಗರಕ್ಕೂ ಈ ಹೊಂದಾಣಿಕೆ ಕಷ್ಟವಾಗಲಾರದು.

ಕೊನೆಯದಾಗಿ ಗುಮಾಸ್ತ ಬಂಧುಗಳಿಗೆ. ಕಂಪೆನಿಯೊಡನೆ ಮಾತಾಡುವಾಗ ಮನೆಯಲ್ಲಿರಲು ಬಿಡಿ ಎಂದು ಬೇಡಬೇಡಿ; ಅದು ಆಲಸ್ಯದ ಮಾತಾಗಿ ಕೇಳಿಸುತ್ತದೆ. ಒಂದು ತಿಂಗಳ ಕಾಲ ಮನೆ ಬಿಟ್ಟ ಹೊತ್ತು, ಕಚೇರಿ ಮುಟ್ಟಿದ ಹೊತ್ತು, ಮರಳಿದ ಹೊತ್ತುಗಳನ್ನು ದಿನವೂ ಬರೆದಿಡಿ. ಕೆಲಸದ ಹೊತ್ತು ಮೀರಿ ಬಂದ ಫೋನುಗಳನ್ನೂ ಬರೆದಿಡಿ. ನಿಮ್ಮ ಜತೆಯವರೂ ಹಾಗೆಯೇ ಮಾಡಲಿ. ಆ ಲೆಕ್ಕವನ್ನು ಒಟ್ಟಾಗಿ ಮೇಲಧಿಕಾರಿಯ ಮುಂದಿಟ್ಟು, ಇದರಲ್ಲಿ ಎಷ್ಟು ಗಂಟೆಯ ಭಾರವನ್ನು ಕಂಪೆನಿ ಹೊರುತ್ತದೆಂದು ಕೇಳಿರಿ. ವಾರದ ಎರಡು ದಿನ ಮನೆಯಿಂದ, ಮೂರು ದಿನ ಕಚೇರಿಯಿಂದ, ಹೊತ್ತು ಮುಗಿದ ಮೇಲೆ ಫೋನಿಲ್ಲ ಎಂಬ ಕರಾರು ಆಗುವುದಾದರೆ ಅದನ್ನು ಒಪ್ಪಿರಿ. ಆ ಮೂರು ದಿನ ತಪ್ಪದೆ ಬನ್ನಿರಿ. ನೀವು ಬರುವ ದಿನ ಗೊತ್ತಿದ್ದರೆ ಫೋರ್ಟಿನಲ್ಲಿ ನಿಮಗಾಗಿ ಅಕ್ಕಿ ನೆನೆಹಾಕುವವನ ಸಂಬಳವೂ ಗೊತ್ತಾದಂತಾಗುತ್ತದೆ.